ರಟ್ಟಿನ ಕುರಿ, ಲಕ್ಕವ್ವನ ಗುರುತು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ಒಮ್ಮೆ ಎರಡನೆಯ ತರಗತಿಗೆ ಪಾಠ ಮಾಡುವಾಗ ಹುರುಪಿನಿಂದ ಕರಿಹಲಗೆಯ ಮೇಲೆ ಆಕಳೊಂದನ್ನು ಬರೆದೆ. ಮಕ್ಕಳು ಬಹಳ ಹೊತ್ತು ನೋಡಿದರು. ಕೊನೆಗೆ ಮುಂದಿನ ಸಾಲಿನ ಒಬ್ಬ, ನನ್ನ ಮನಸ್ಸು ನೋಯಬಾರದೆಂಬ ಎಚ್ಚರದಿಂದ, ಮಂಚಕ್ಕೆ ಕೋಡು ಯಾಕೆ ಬಂದಿವೆ ಎಂದು ಮೆಲ್ಲಗೆ ಕೇಳಿದ. ಅಂದಿನಿಂದ ಯಾವ ಪ್ರಾಣಿ ಬರೆದರೂ ಕೆಳಗೆ ಅದರ ಹೆಸರನ್ನೂ ಬರೆದುಬಿಡುತ್ತೇನೆ. ನನ್ನ ವಿಷಯ ಗಣಿತ. ಅಲ್ಲಿ ಗೆರೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಅದೊಂದು ಸಮಾಧಾನ.

ಇಂಥವಳ ಕೊರಳಿಗೆ ಚಿತ್ರಕಲೆ ಬಿದ್ದದ್ದು ನಮ್ಮ ಮುಖ್ಯಗುರುಗಳ ಮೊಣಕಾಲು ನೋವಿನಿಂದ. ನಮ್ಮದು ಕುಲಗೋಡದಿಂದ ಆಚೆಗಿರುವ ಒಂದು ತೋಟದ ಶಾಲೆ. ನಮ್ಮ ಕಡೆ ಎಷ್ಟೋ ಜನ ಊರು ಬಿಟ್ಟು ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅಂಥ ಮನೆಗಳ ಮಕ್ಕಳಿಗಾಗಿ ಕಬ್ಬಿನ ಮರೆಯಲ್ಲಿ ಎರಡು ಕೋಣೆಯ ಒಂದು ಶಾಲೆ, ಅದಕ್ಕೆ ಇಬ್ಬರು ಶಿಕ್ಷಕರು, ಮುಖ್ಯಗುರುಗಳು ಮತ್ತು ನಾನು. ಹುಕ್ಕೇರಿಯಲ್ಲಿ ಎರಡು ದಿನದ ಕಲಾ ತರಬೇತಿ ಇದೆ, ಶಾಲೆಗೊಬ್ಬರು ಬರಲೇಬೇಕು ಎಂಬ ಸೂಚನೆ ಬಂದ ದಿನವೇ ಗುರುಗಳ ಮೊಣಕಾಲು ಊದಿಕೊಂಡಿತು. ತರಬೇತಿಯ ಸೂಚನೆ ಬಂದಾಗಲೆಲ್ಲ ಅದು ಊದಿಕೊಳ್ಳುತ್ತದೆ. ನಾನು ಗೋಕಾಕದಿಂದ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ.

ತರಬೇತಿ ಕೊಟ್ಟ ಹುಡುಗ ಚೆನ್ನಾಗಿಯೇ ಮಾತಾಡಿದ. ಮಕ್ಕಳನ್ನು ಅವರ ಪಾಡಿಗೆ ಬಿಡಿ, ತಿದ್ದಬೇಡಿ, ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡುವಂತೆ ಎಂದೂ ಹೇಳಬೇಡಿ ಎಂದ. ಈ ಮೂರನ್ನೂ ವಹಿಯಲ್ಲಿ ಬರೆದುಕೊಂಡು ಪಟ್ಟಿ ಹಿಡಿದು ಕೆಳಗೆ ಗೆರೆ ಎಳೆದೆ. ಮಧ್ಯಾಹ್ನ ನಮ್ಮಿಂದಲೇ ಒಂದೊಂದು ಚಿತ್ರ ಬರೆಸಿದ. ಅರವತ್ತು ಜನ ಶಿಕ್ಷಕರು ಬರೆದದ್ದು ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಹೊಳೆಯ ದಂಡೆಗೆ ತೆಂಗಿನ ಮರ, ಕನ್ನಡದ ೪ ಅಂಕಿಯಂಥ ಹಕ್ಕಿಗಳು. ನಾನು ಹಕ್ಕಿಗಳನ್ನು ಬಿಟ್ಟಿದ್ದೆ, ಧೈರ್ಯ ಸಾಲಲಿಲ್ಲ. ಗೋಕಾಕದವರಿಗಾದರೂ ಗುಡ್ಡವಿದೆ, ಹೊಳೆಯಿದೆ, ಒಪ್ಪಬಹುದು. ಮೂಡಲಗಿಯ ಬಯಲಿನಲ್ಲಿ ಕಬ್ಬಿನ ತುದಿಯಿಂದ ಏಳುವ ಸೂರ್ಯನನ್ನು ದಿನಾ ನೋಡುವವರೂ ಅವನನ್ನು ಒಯ್ದು ಗುಡ್ಡದ ನಡುವೆಯೇ ಇಡುತ್ತಾರೆ. ನಾವು ಕಂಡದ್ದನ್ನು ಬರೆಯುವುದಿಲ್ಲ, ಕಲಿಸಿದ್ದನ್ನು ಬರೆಯುತ್ತೇವೆ. ಇದಕ್ಕೆ ಕಾರಣ ಯಾರು ಎಂದು ಯೋಚಿಸುತ್ತ ಹೊರಟರೆ ದಾರಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ, ಆದ್ದರಿಂದ ನಾನು ಹೆಚ್ಚು ಯೋಚಿಸಲಿಲ್ಲ.

ತರಬೇತಿ ಮುಗಿದ ಮೇಲೆ ಶಾಲೆಗೊಂದು ಕೆಲಸ ಅಂಟಿತು. ಮಕ್ಕಳು ಕೂಡಿ ಏನಾದರೂ ಕಲಾಕೃತಿ ಮಾಡಬೇಕು, ತಿಂಗಳು ಕಳೆದ ಮೇಲೆ ಶನಿವಾರವೊಂದರಂದು ಹುಕ್ಕೇರಿಗೆ ತಂದು ಪ್ರದರ್ಶನಕ್ಕೆ ಇಡಬೇಕು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಕುರುಬರ ಮನೆಯವರು. ಹೀಗಾಗಿ ಕುರಿಯ ಹಿಂಡು ಮಾಡೋಣವೆಂಬ ಮಾತು ಅವರ ಬಾಯಿಂದಲೇ ಬಂತು. ಇಪ್ಪತ್ಮೂರು ಮಕ್ಕಳು, ತಲೆಗೊಂದು ಕುರಿ. ಗೋಕಾಕದ ಮಿಠಾಯಿ ಅಂಗಡಿಯೊಂದರಲ್ಲಿ ಕೇಳಿ ಕರದಂಟಿನ ಖಾಲಿ ಡಬ್ಬಿಗಳ ರಟ್ಟು ತಂದೆ. ಕಾಲಿಗೆ ಜೋಳದ ದಂಟು ಆಯಿತು. ಉಣ್ಣೆ ಕುರುಬರ ಮನೆಗಳಿಂದ ಬಂತು. ರೇಷ್ಮಾಳ ಮನೆಯಲ್ಲಿ ಕುರಿ ಇಲ್ಲ, ಆದರೆ ಅವಳ ತಂದೆ ಹಳ್ಳಿ ಹಳ್ಳಿ ತಿರುಗಿ ಗಾದಿ ತುಂಬುವವರು. ಅವಳು ಒಂದು ಚೀಲ ಅರಳೆ ತಂದಳು. ಹಿಂಡಿನಲ್ಲಿ ಕರಿ ಕುರಿಯೂ ಬಿಳಿ ಕುರಿಯೂ ಆದವು.

ಬಣ್ಣ ಹಚ್ಚುವ ದಿನ ನಾನು ತರಬೇತಿಯ ಮಾತು ನೆನೆದು, ನಿಮಗೆ ಹೇಗೆ ಬೇಕೋ ಹಾಗೆ ಹಚ್ಚಿರಿ ಎಂದು ಕೈ ಕಟ್ಟಿಕೊಂಡು ನಿಂತೆ. ಸ್ವಾತಂತ್ರ್ಯ ಕೊಟ್ಟವರು ಹೀಗೆಯೇ ನಿಲ್ಲಬೇಕೆಂದು ನನ್ನ ಕಲ್ಪನೆ. ಕುರುಬರ ಮಕ್ಕಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಒಬ್ಬ ಕುರಿಯ ನೆತ್ತಿಗೆ ಹಸಿರು ಬಳಿದ. ಒಬ್ಬಳು ಸೊಂಟಕ್ಕೆ ಅಡ್ಡಗೆರೆ ಎಳೆದಳು. ನಾಲ್ಕನೆಯ ತರಗತಿಯ ಲಕ್ಕವ್ವ ತನ್ನ ಕರಿ ಕುರಿಯ ಬೆನ್ನಿನ ತುದಿಗೆ ಎರಡು ಕೆಂಪು ಬೊಟ್ಟು ಇಟ್ಟು, ಕೊರಳ ಎಡಗಡೆಗೆ ಒಂದು ನೀಲಿ ಗೀರು ಎಳೆದು, ಕುಂಚ ತೊಳೆದು ಕೈ ಒರೆಸಿಕೊಂಡಳು. ಇದೇನು ಎಂದರೆ, ಗುರುತ್ರಿ ಎಂದಳು. ಎರಡು ಹಿಂಡು ದಾರಿಯಲ್ಲಿ ಕಲೆತುಹೋದರೆ ಯಾರ ಕುರಿ ಯಾವುದೆಂದು ತಿಳಿಯಲು ಮನೆಗೊಂದು ಗುರುತು. ನಾನು ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಆ ಬಣ್ಣಗಳನ್ನು ನೋಡಿದ್ದೆ, ಕುರುಬರಿಗೆ ಅಲಂಕಾರದ ಹವ್ಯಾಸವೆಂದು ತಿಳಿದಿದ್ದೆ.

ಗುರುತು ಹಾಕುವ ಚಟ ಕುರುಬರಿಗಷ್ಟೇ ಇಲ್ಲ ಅನ್ನಿ. ನಮ್ಮ ಅವ್ವ ಮದುವೆಯಲ್ಲಿ ನನಗೆ ಕೊಟ್ಟ ಒಂದೊಂದು ಪಾತ್ರೆಯ ಮೇಲೂ ಹೆಸರು ಕೊರೆಸಿದ್ದಳು. ಚಮಚದ ಮೇಲೆ ಜಾಗ ಸಾಲದೆ ಅರ್ಧ ಹೆಸರೇ ಬಂದಿದೆ. ಓಣಿಯಲ್ಲಿ ಪಲ್ಯ ಕೊಟ್ಟು ಕಳಿಸುವ ನನ್ನ ಬಟ್ಟಲುಗಳ ತಳಕ್ಕೆ ಉಗುರುಬಣ್ಣದ ಚುಕ್ಕೆ ಇದೆ. ಹಿಂದಿನ ಅರಸರು ದಾನಶಾಸನದ ಕಲ್ಲಿನ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಕೆತ್ತಿಸಿದರು. ವಚನಕಾರರು ಆಸ್ತಿ ಬಿಟ್ಟರು, ಮನೆ ಬಿಟ್ಟರು, ಆದರೆ ಮಾತಿನ ಕೊನೆಗೆ ಅಂಕಿತ ಇಡುವುದನ್ನು ಬಿಡಲಿಲ್ಲ. ಅವರದು ಇನ್ನೂ ಸೊಗಸು, ಮಾತು ತಮ್ಮದು, ಹಾಕಿದ ಹೆಸರು ದೇವರದು. ಮಾತುಗಳೂ ಕುರಿಗಳಂತೆ ಹಾದಿಯಲ್ಲಿ ಕಲೆತುಹೋಗುತ್ತವೆ ಎಂಬುದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಅತ್ತ ರೇಷ್ಮಾ ತನ್ನ ಬಿಳಿ ಕುರಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವರ ಮನೆಯಲ್ಲಿ ಕುರಿ ಇಲ್ಲ, ಗುರುತೂ ಇಲ್ಲ. ಏನು ಹಚ್ಚಲಿ ಎಂದು ಕೇಳಿದಳು. ನಿನಗೆ ತೋಚಿದ್ದು ಎಂದೆ. ತೋಚಲಿಲ್ಲ. ಶಾಲೆ ಬಿಡುವ ಹೊತ್ತು, ನನ್ನ ಬಸ್ಸಿನ ಹೊತ್ತು. ಲಕ್ಕವ್ವ ಎಷ್ಟು ಚಂದ ಹಾಕಿದ್ದಾಳೆ ನೋಡು, ಹಾಗೆಯೇ ಹಾಕಿದರಾಯಿತು ಎನ್ನುತ್ತ ಕುಂಚ ತೆಗೆದುಕೊಂಡು ನಾನೇ ಎರಡು ಕೆಂಪು ಬೊಟ್ಟು ಇಟ್ಟೆ, ಒಂದು ನೀಲಿ ಗೀರು ಎಳೆದೆ. ಪಟ್ಟಿ ಹಿಡಿದು ಗೆರೆ ಎಳೆದುಕೊಂಡಿದ್ದ ಮೂರು ಮಾತುಗಳನ್ನೂ ಒಂದೇ ನಿಮಿಷದಲ್ಲಿ ಮುರಿದು ಬಸ್ಸು ಹಿಡಿದೆ. ಬೊಟ್ಟು ದುಂಡಗೆ ಬಂದಿದ್ದಕ್ಕೆ ದಾರಿಯುದ್ದಕ್ಕೂ ಖುಷಿಯಾಗಿತ್ತು.

ಮರುದಿನ ಮಧ್ಯಾಹ್ನ ಊಟದ ಬಿಡುವಿನ ನಂತರ ರೇಷ್ಮಾಳ ಕುರಿ ಕಾಣಲಿಲ್ಲ. ರೇಷ್ಮಾ ಅತ್ತಳು. ಹುಡುಕಿದರೆ ಅದು ಲಕ್ಕವ್ವನ ಪಾಟಿಚೀಲದಲ್ಲಿ ಸಿಕ್ಕಿತು, ಅವಳ ಕರಿ ಕುರಿಯ ಪಕ್ಕದಲ್ಲಿ, ಉಣ್ಣೆಯ ಚೂರಿನಲ್ಲಿ ಸುತ್ತಿಟ್ಟದ್ದು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ನಾಲಿಗೆ ಗಣಿತ ಮರೆಯುತ್ತದೆ, ಹಿಂದೆ ಮುಂದೆ ಲೆಕ್ಕ ಹಾಕುವುದಿಲ್ಲ. ಇಪ್ಪತ್ತೆರಡು ಮಕ್ಕಳ ಎದುರಿಗೆ ಅವಳನ್ನು ಕಳ್ಳಿ ಎಂದುಬಿಟ್ಟೆ. ಅವಳು ನನ್ನನ್ನು ನೇರವಾಗಿ ನೋಡಿದಳು.

“ಕದ್ದಿಲ್ರಿ. ಅದು ನಮ್ಮ ಕುರಿ ಐತ್ರಿ,” ಎಂದಳು.

ಕದ್ದದ್ದಲ್ಲದೆ ವಾದ ಬೇರೆ ಎಂದೆ. ಸಂಜೆ ಚೀಲ ಹೆಗಲಿಗೇರಿಸಿ ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮಕ್ಕಳಿಂದ ಸುದ್ದಿ ಬಂತು. ಲಕ್ಕವ್ವನ ಅಪ್ಪ ಅವ್ವ ಹಿಂಡು ಹೊಡೆದುಕೊಂಡು ಸಂಕೇಶ್ವರದ ಆಚೆ ಎಲ್ಲೋ ಇದ್ದಾರೆ, ಇಲ್ಲಿ ಅವಳು ಅಜ್ಜನ ಜೊತೆ ಇರುತ್ತಾಳೆ. ಇನ್ನು ಶಾಲೆ ಬೇಡ, ಅಪ್ಪ ಬಂದಾಗ ಅವನ ಜೊತೆ ಹಿಂಡಿನ ಹಿಂದೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಿಂಡಿನ ಹಿಂದೆ ಹೋದ ಮಕ್ಕಳು ಮತ್ತೆ ಹಲಗೆಯ ಮುಂದೆ ಬಂದು ಕೂರುವುದು ಅಪರೂಪ, ಇದು ನನಗೆ ಗೊತ್ತಿತ್ತು. ಅವರ ಮನೆಗೆ ಹೋಗಿ ಬರಬೇಕೆಂದು ಎರಡು ದಿನ ಬೆಳಗಿನ ಬಸ್ಸಿನಲ್ಲಿ ನಿರ್ಧರಿಸಿದೆ, ಎರಡು ದಿನವೂ ಸಂಜೆಯ ಬಸ್ಸು ಬೇಗ ಬಂತು. ಚಿಕ್ಕವರ ಮುಂದೆ ತಪ್ಪೊಪ್ಪಿಕೊಳ್ಳಲು ಹೊರಟ ದೊಡ್ಡವರಿಗೆ ಬಸ್ಸುಗಳು ಬಹಳ ಸಹಾಯ ಮಾಡುತ್ತವೆ.

ಮೂರನೆಯ ದಿನ ಅಜ್ಜನೇ ಬಂದರು. ಬೀರಪ್ಪಜ್ಜ, ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ಹಿಂದೆ ಅವರ ಧೋತರದ ಚುಂಗು ಹಿಡಿದ ಲಕ್ಕವ್ವ. ಜಗಳಕ್ಕೆ ಬಂದಿರಬೇಕೆಂದು ಮುಖ್ಯಗುರುಗಳು ಮೊಣಕಾಲು ಸವರಿಕೊಳ್ಳುತ್ತ ಒಳಗೆ ಹೋದರು. ಅಜ್ಜ ನಮಸ್ಕಾರ ಮಾಡಿ ಕೇಳಿದರು:

“ಅಕ್ಕೋರ, ಹುಡುಗಿಗಿ ಕಳ್ಳಿ ಅಂದೀರಂತ. ಖರೆ ಏನ್ರಿ?”

ಖರೆ ಎಂದೆ. ಹಾಗಾದರೆ ಆ ಕುರಿ ತರಿಸಿರಿ, ನೋಡೋಣ ಎಂದರು. ನೆಲಕ್ಕೆ ಕಂಬಳಿ ಹಾಸಿ, ರೇಷ್ಮಾಳ ಬಿಳಿ ಕುರಿಯನ್ನು ಅದರ ಮೇಲೆ ನಿಲ್ಲಿಸಿ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮಕ್ಕಳು ಸುತ್ತ ಕವಿದರು. ಅಜ್ಜನ ಮುಖದಲ್ಲಿ ಒಂದಿಷ್ಟಾದರೂ ನಗೆ ಇರಬಹುದೆಂದು ನೋಡಿದೆ, ಇರಲಿಲ್ಲ. ಬೆನ್ನೆಲುಬು ಸವರಿದರು. ಬಾಯಿ ನೋಡಿದರು; ರೇಷ್ಮಾ ಹಲ್ಲು ಬರೆದಿರಲಿಲ್ಲ, ಇನ್ನೂ ಮರಿ ಎಂದು ತೀರ್ಮಾನಿಸಿದರು. ಹೊಟ್ಟೆ ತಿರುವಿದಾಗ ರಟ್ಟಿನ ಮೇಲಿನ ಅಚ್ಚು ಅಕ್ಷರ ಕಂಡವು. ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ತಂಪಾದ ಒಣ ಜಾಗದಲ್ಲಿ ಇಡಿರಿ ಎಂದಿದೆ ಎಂದು ಓದಿದೆ. ಅಜ್ಜ ತಲೆಯಾಡಿಸಿ, ಬರೆದವರು ತಿಳಿದವರು, ಕುರಿಗೆ ಹಸಿ ನೆಲ ಆಗುವುದಿಲ್ಲ, ಗೊರಸು ಕೊಳೆಯುತ್ತದೆ ಎಂದರು. ನನಗೆ ನಗು ಬಂತು, ಆದರೆ ಆ ಮುಖದ ಮುಂದೆ ನಗಲು ಆಗಲಿಲ್ಲ. ಕೊನೆಗೆ ಅವರು ಎರಡೂ ಕಿವಿಗಳನ್ನು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು.

“ಗುರುತ ನಮ್ದ ಐತಿ. ಕಿವಿ ನಮ್ದಲ್ಲ,” ಎಂದರು.

ಲಕ್ಕವ್ವನ ಮುಖ ಇಳಿಯಿತು. ಅಜ್ಜ ಅವಳ ಕರಿ ಕುರಿಯನ್ನೂ ತರಿಸಿ ಪಕ್ಕಕ್ಕೆ ನಿಲ್ಲಿಸಿದರು. ಅದರ ಎಡಗಿವಿಯ ತುದಿಯಲ್ಲಿ ಸಣ್ಣದೊಂದು ಸೀಳು ಇತ್ತು. ಅದನ್ನು ನಾನೂ ನೋಡಿದ್ದೆ, ರಟ್ಟು ಹರಿದಿದೆಯೆಂದು ಅಂಟು ಹಚ್ಚಲು ಹೋಗಿದ್ದೆ, ಅವಳು ಕೊಟ್ಟಿರಲಿಲ್ಲ. ಬಣ್ಣ ಮಳೆಗೆ ಹೋಗುತ್ತದೆ, ಅದನ್ನು ಯಾರು ಬೇಕಾದರೂ ಹಚ್ಚಬಹುದು. ಕಿವಿಯನ್ನು ಮಾತ್ರ ಮನೆಯವರೇ ಸೀಳಬೇಕು, ಆಗಲೇ ಅದು ಮನೆಯ ಕುರಿ. ಎಲ್ಲಿ ನಮ್ಮ ಗುರುತು ಕಂಡರೂ ಕುರಿಯನ್ನು ಹಿಡಿದು ಮನೆಗೆ ತಾ ಎಂದು ಅಪ್ಪ ಲಕ್ಕವ್ವನಿಗೆ ಹೇಳಿದ್ದ. ಅವಳು ತಂದಿದ್ದಳು. ಹಿಡಿಯುವ ಮೊದಲು ಕಿವಿ ನೋಡಬೇಕಿತ್ತು, ನೋಡಿರಲಿಲ್ಲ. ಅಷ್ಟೇ ಅವಳ ತಪ್ಪು. ಇದನ್ನೆಲ್ಲ ಹೇಳಿದ ಮೇಲೆ ಅಜ್ಜ ನಿಧಾನವಾಗಿ ಸುತ್ತ ನೋಡಿದರು.

“ಇನ್ನ ಈ ಬಣ್ಣ ಹಚ್ಚಿದ ಕೈ ಯಾರದು?”

ರೇಷ್ಮಾ ನನ್ನನ್ನು ನೋಡಿದಳು. ಹೇಳದೆ ಇರಬಹುದಿತ್ತು, ಅವಳು ಹೇಳುವ ಹುಡುಗಿಯೂ ಅಲ್ಲ. ನನ್ನ ಕೈ ಎಂದೆ. ನನಗೆ ಆ ಹೊತ್ತಿಗೆ ಆದ ನಾಚಿಕೆ ಮೊದಲು ಎಂದೂ ಆಗಿರಲಿಲ್ಲ. ಒಬ್ಬರ ಮನೆಯ ಗುರುತನ್ನು ಇನ್ನೊಬ್ಬರ ಕುರಿಗೆ ಹಚ್ಚಿದವಳು ನಾನು, ಕಳ್ಳಿ ಅನ್ನಿಸಿಕೊಂಡವಳು ಒಂಬತ್ತು ವರ್ಷದ ಹುಡುಗಿ. ಮಕ್ಕಳ ಮುಂದೆಯೇ ಹೇಳಿದೆ: ಲಕ್ಕವ್ವ ಕದ್ದಿಲ್ಲ, ತಪ್ಪು ನನ್ನದು, ನಾನು ಆ ಮಾತು ಆಡಬಾರದಿತ್ತು. ಲಕ್ಕವ್ವ ನೆಲ ನೋಡುತ್ತ ನಿಂತಿದ್ದಳು.

ಅಜ್ಜ ನ್ಯಾಯ ಮುಗಿಸಿದರು. ಬಿಳಿ ಕುರಿ ರೇಷ್ಮಾಳದು, ಗುರುತು ಅಳಿಸಿ ಕೊಡಬೇಕು. ತಪ್ಪು ಹಚ್ಚಿದವರು ದಂಡವೆಂದು ಹಿಂಡಿಗೆ ಒಂದು ಕುರಿ ಕೊಡಬೇಕು, ಅದೂ ತಮ್ಮ ಕೈಯಿಂದಲೇ ಮಾಡಿದ್ದು. ಲಕ್ಕವ್ವ ಅಪ್ಪ ಬರುವ ತನಕ ಶಾಲೆಗೆ ಬರುತ್ತಾಳೆ, ಆಮೇಲೆ ಏನೆಂಬುದು ಅವಳ ಮನಸ್ಸು, ಅದಕ್ಕೆ ತಾವು ಬಲವಂತ ಮಾಡುವುದಿಲ್ಲ ಎಂದು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದರು. ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ಇಷ್ಟು ಬೇಗ ಮತ್ತು ಇಷ್ಟು ಸರಿಯಾಗಿ ಮುಗಿದದ್ದನ್ನು ಕಂಡಿಲ್ಲ.

ಕ್ಷಮೆ ಕೇಳಿದ ಕೂಡಲೇ ಎಲ್ಲ ಸರಿಹೋಗುತ್ತದೆಂದು ತಿಳಿಯುವುದು ಕೇಳಿದವರ ದಡ್ಡತನ. ಲಕ್ಕವ್ವ ಶಾಲೆಗೆ ಬಂದಳು, ಆದರೆ ನನ್ನ ಜೊತೆ ಮಾತಾಡಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. ಲೆಕ್ಕ ಕೇಳಿದರೆ ಎದ್ದು ಬಂದು ಹಲಗೆಯ ಮೇಲೆ ಉತ್ತರ ಬರೆದು ಹೋಗುತ್ತಿದ್ದಳು. ಉತ್ತರಗಳೆಲ್ಲ ಸರಿಯಾಗಿದ್ದವು, ಬೈಯಲು ಕೂಡ ಅವಕಾಶ ಕೊಡಲಿಲ್ಲ. ರೇಷ್ಮಾ ಮತ್ತು ಅವಳು ಮಾತ್ರ ಮರುದಿನವೇ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿನ್ನುತ್ತಿದ್ದರು. ರೇಷ್ಮಾ ತನ್ನ ಕುರಿಗೆ ಹೊಸ ಗುರುತು ಮಾಡಿಕೊಂಡಿದ್ದಳು, ಗಾದಿಯ ಮೇಲೆ ಅಪ್ಪ ಹಾಕುವ ದಾರದ ಗಂಟುಗಳಂತೆ ಮೈತುಂಬ ಸಣ್ಣ ಚುಕ್ಕೆ. ನಾನು ಅವಳನ್ನು ಐದು ನಿಮಿಷ ಹೆಚ್ಚು ಬಿಟ್ಟಿದ್ದರೆ ಅಂದೇ ಅದು ಅವಳಿಗೆ ಹೊಳೆಯುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಂಡದ ಕುರಿ ಮಾಡಲು ಕೂತೆ. ಮೊದಲನೆಯದಕ್ಕೆ ಮೂರು ಕಾಲು ಒಂದೇ ಕಡೆ ಬಂದವು. ಎರಡನೆಯದು ನಿಂತಿತು, ಆದರೆ ಗೋಡೆಗೆ ಒರಗಿ. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತಿ, ನಾಯಿ ಚೆನ್ನಾಗಿದೆ ಎಂದರು. ಸಂಜೆಯ ಚಹಾದ ಹೊತ್ತಿಗೆ ಒಂದು ಆಯಿತು. ಮುಂಗಾಲು ಗಿಡ್ಡವಾದದ್ದರಿಂದ ಅದು ಸದಾ ತಲೆ ತಗ್ಗಿಸಿಕೊಂಡಿತ್ತು. ತಪ್ಪಿತಸ್ಥರು ಕೊಟ್ಟ ಕುರಿಗೆ ಅದು ಒಪ್ಪುತ್ತದೆಂದು ಹಾಗೇ ಬಿಟ್ಟೆ.

ಸೋಮವಾರ ಅದನ್ನು ಹಿಂಡಿನಲ್ಲಿ ಇಟ್ಟಾಗ ಮಕ್ಕಳು, ಅಕ್ಕೋರ ಮನೆಯ ಗುರುತು ಏನು ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ನಾನು ಹಾಕುತ್ತ ಬಂದ ಗುರುತು ಒಂದೇ, ಕೆಂಪು ಶಾಯಿಯ ಸರಿಚಿಹ್ನೆ. ಅದನ್ನೇ ಹಾಕುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಅದು ಎಲ್ಲರ ವಹಿಯಲ್ಲೂ ಇದೆ, ಹಾಗಾದರೆ ಎಲ್ಲರ ವಹಿಯೂ ನಿಮ್ಮದೇ ಆಗುತ್ತದೆ ಎಂದರು. ವಾದದಲ್ಲಿ ಹುರುಳಿತ್ತು. ನನ್ನ ಕುರಿ ಗುರುತಿಲ್ಲದೆಯೇ ಉಳಿಯಿತು. ಹಿಂಡಿನ ಅಂಚಿನಲ್ಲಿ ತಲೆ ತಗ್ಗಿಸಿಕೊಂಡು ಐದು ದಿನ ನಿಂತಿತು.

ಪ್ರದರ್ಶನದಲ್ಲಿ ಏನಾಯಿತೆಂದು ಕೇಳಬೇಡಿ. ಬಹುಮಾನ ಉಪ್ಪಿನಕಾಯಿ ಭರಣಿಗೆ ಗಾಜಿನ ಚೂರು ಅಂಟಿಸಿದ ಶಾಲೆಗೆ ಹೋಯಿತು. ನಮ್ಮ ಕುರಿಗಳ ಮೇಲೆ ಬಣ್ಣ ಚೆಲ್ಲಿದೆ, ಮುಂದಿನ ಸಲ ಅಚ್ಚುಕಟ್ಟು ಇರಲಿ ಎಂದು ನೋಡಲು ಬಂದವರೊಬ್ಬರು ನಯವಾಗಿ ಬುದ್ಧಿ ಹೇಳಿದರು. ನಾನೂ ನಯವಾಗಿ ತಲೆಯಾಡಿಸಿದೆ. ನನಗೆ ಆ ದಿನ ಯಾವ ಬಹುಮಾನವೂ ಬೇಕಿರಲಿಲ್ಲ, ಅದಕ್ಕೆ ಕಾರಣ ಅಂದು ಬೆಳಿಗ್ಗೆ ಶಾಲೆಯಲ್ಲಿ ನಡೆದದ್ದು.

ಲಕ್ಕವ್ವನ ಅಪ್ಪ ಶುಕ್ರವಾರವೇ ಬಂದಿದ್ದಾನೆ, ಭಾನುವಾರ ಮತ್ತೆ ಹೊರಡುತ್ತಾನೆ ಎಂಬ ಸುದ್ದಿ ನನಗೆ ತಲುಪಿತ್ತು. ಶನಿವಾರ ಬೆಳಿಗ್ಗೆ ಟೆಂಪೊಗೆ ಕುರಿಗಳನ್ನು ಏರಿಸುತ್ತಿದ್ದೆವು. ಲಕ್ಕವ್ವ ಎಣಿಸಿ ಎಣಿಸಿ ಒಳಗೆ ಕೊಡುತ್ತಿದ್ದಳು. ಅವಳನ್ನು ಕೇಳಬೇಕು, ಹೋಗಬೇಡ ಎನ್ನಬೇಕು ಎಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ. ಒಮ್ಮೆ ಮಾತಾಡಿ ಕೆಡಿಸಿದವಳಿಗೆ ಮತ್ತೆ ಮಾತಾಡಲು ಹೆದರಿಕೆ. ಕೊನೆಗೆ ನನ್ನ ಕುರಿ ಅವಳ ಕೈಗೆ ಬಂತು. ಅದನ್ನು ತಿರುವಿ ನೋಡಿದಳು, ಕೆಳಗಿಟ್ಟಳು, ಒಳಗೆ ಹೋದಳು. ಬಣ್ಣದ ಬಟ್ಟಲು ತಂದು ಬೆರಳು ಅದ್ದಿ ಬೆನ್ನಿನ ತುದಿಗೆ ಎರಡು ಕೆಂಪು ಬೊಟ್ಟು ಇಟ್ಟಳು, ಕೊರಳ ಎಡಗಡೆಗೆ ನೀಲಿ ಗೀರು ಎಳೆದಳು. ನಾನು ಹಾಕಿದಷ್ಟು ದುಂಡಗಿರಲಿಲ್ಲ. ಹದಿನೈದು ದಿನದಲ್ಲಿ ಮೊದಲ ಸಲ ಅವಳು ನನ್ನ ಜೊತೆ ಮಾತಾಡಿದಳು.

“ಗುರುತ ಇಲ್ಲಂದ್ರ ತಪ್ಪಿಸ್ಕೊಂತಾವ್ರಿ, ಅಕ್ಕೋರ. ಕಿವಿ ಸ್ವಾಮಾರ ಬಂದ ಸೀಳ್ತೇನ್ರಿ. ಈಗ ಬಣ್ಣ ಹಸೀ ಐತಿ.”

ಸೋಮವಾರ ಅವಳು ಮನೆಯಿಂದ ಕತ್ತರಿ ತಂದಿದ್ದಳು. ಆ ಕುರಿ ಈಗ ನಮ್ಮ ಶಾಲೆಯ ಕಪಾಟಿನಲ್ಲಿ, ತಂಪಾದ ಒಣ ಜಾಗದಲ್ಲಿ ಇದೆ, ಎಡಗಿವಿಯಲ್ಲಿ ಸಣ್ಣ ಸೀಳಿನೊಡನೆ. ಬಂದವರು ಯಾರಾದರೂ ನೋಡಿ, ಇದು ನೀವು ಮಾಡಿದ ಕುರಿಯೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ನಿಮ್ಮದೇ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ಕುರಿ ಲಕ್ಕವ್ವನ ಮನೆಯದು, ನಾನು ಕಾಯುವವಳು ಅಷ್ಟೆ.